‘ವಿತೌಟ್ ಪ್ರೆಜುಡಿಸ್’ ಎಂದು ಕೇಸ್ ವಜಾ ಆದರೆ ಕೈಯಲ್ಲಿ ಎಷ್ಟು ದಿನ ಇರುತ್ತದೆ?

ಪ್ರಶ್ನೆ: ನಮ್ಮ ಊರು ಶಿವಮೊಗ್ಗ. ಈಗ ಇರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಆರು ವರ್ಷ ದುಡಿದ ಕಂಪನಿ ಎರಡು ಸಲ ನನ್ನ ಬಡ್ತಿ ತಪ್ಪಿಸಿತು. ಆಮೇಲೆ ಕೆಲಸದಿಂದಲೇ ತೆಗೆಯಿತು. ಭಾರತೀಯಳು ಅನ್ನುವ ಕಾರಣಕ್ಕೇ ಹೀಗಾಯಿತು ಎಂದು ಇಇಒಸಿಗೆ (ಕೆಲಸದ ಜಾಗದ ತಾರತಮ್ಯದ ದೂರು ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ) ದೂರು ಕೊಟ್ಟೆ. ಮಾರ್ಚ್ 3ಕ್ಕೆ ‘ರೈಟ್ ಟು ಸ್ಯೂ’ ಪತ್ರ, ಅಂದರೆ ಇನ್ನು ನೀವು ಕೋರ್ಟಿಗೆ ಹೋಗಬಹುದು ಎನ್ನುವ ಪತ್ರ ಬಂತು. ವಕೀಲರ ಫೀಸ್ ಕೊಡುವ ಶಕ್ತಿ ಇರಲಿಲ್ಲ. ಮೇ 20ಕ್ಕೆ ನಾನೇ ಫೆಡರಲ್ ಕೋರ್ಟಿನಲ್ಲಿ ಕೇಸ್ ಹಾಕಿದೆ, 405 ಡಾಲರ್ ಕಟ್ಟಿದೆ, ಕಂಪನಿಯ ಎಚ್‌ಆರ್‌ಗೆ ಕೇಸಿನ ಕಾಪಿ ಇಮೇಲ್ ಮಾಡಿದೆ. ಜುಲೈನಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಎಂದು ಊರಿಗೆ ಹೋಗಬೇಕಾಯಿತು. ಸೆಪ್ಟೆಂಬರ್ 12ಕ್ಕೆ ವಾಪಸ್ ಬಂದು ನೋಡಿದರೆ ಅಂಚೆಪೆಟ್ಟಿಗೆಯಲ್ಲಿ ಕೋರ್ಟಿನ ಎರಡು ಕಾಗದ. ಒಂದು ಆಗಸ್ಟ್ 20ರದ್ದು: ಸಮನ್ಸ್ ಯಾಕೆ ಜಾರಿ ಮಾಡಿಲ್ಲ, 14 ದಿನದೊಳಗೆ ಕಾರಣ ಹೇಳಿ ಅಂತ. ಇನ್ನೊಂದು ಸೆಪ್ಟೆಂಬರ್ 9ರದ್ದು: ಕೇಸ್ ‘ವಿತೌಟ್ ಪ್ರೆಜುಡಿಸ್’ ವಜಾ. ನಮ್ಮ ಭಾವ ಶಿವಮೊಗ್ಗದಲ್ಲಿ ವಕೀಲರು. ‘ಹಾಗಂದ್ರೆ ಮತ್ತೆ ಹಾಕಬಹುದು, ಗಾಬರಿ ಬೇಡ, ಮೊದಲು ಅಪ್ಪ ಹುಷಾರಾಗಲಿ’ ಅಂದರು. ಅವರು ಹೇಳಿದ್ದು ಸರೀನಾ? ಕೇಸ್ ಸೋತೆ ಅನ್ನುವುದು ವೀಸಾಕ್ಕೆ ಅಡ್ಡ ಬರುತ್ತಾ?

ಉತ್ತರ: ನಿಮ್ಮ ಪತ್ರ ನನ್ನ ಕೈಗೆ ಬಂದಿದ್ದು ಸೆಪ್ಟೆಂಬರ್ 21ಕ್ಕೆ. ವಿವರ ಆಮೇಲೆ ಹೇಳುತ್ತೇನೆ, ಮೊದಲು ಎರಡು ತಾರೀಕು ಬರೆದುಕೊಳ್ಳಿ. ಅಕ್ಟೋಬರ್ 7 ಮತ್ತು ಅಕ್ಟೋಬರ್ 9. ವಜಾ ಮಾಡಿದ ಅದೇ ನ್ಯಾಯಾಧೀಶರಿಗೆ ‘ಈ ಆದೇಶ ಬದಲಿಸಿ’ ಎಂದು ಅರ್ಜಿ ಕೊಡಲು ನಿಮಗಿರುವುದು 28 ದಿನ. ಅದು 7ಕ್ಕೆ ಮುಗಿಯುತ್ತದೆ. ಮೇಲ್ಮನವಿಯ ನೋಟಿಸ್ ಕೊಡಲು 30 ದಿನ. ಅದು 9ಕ್ಕೆ ಮುಗಿಯುತ್ತದೆ.

ಈ ದಿನಗಳನ್ನು ಕಾಗದ ನಿಮ್ಮ ಕೈಗೆ ಬಂದ 12ರಿಂದ ಎಣಿಸಬೇಡಿ. ಆದೇಶ ಕೋರ್ಟಿನ ಡಾಕೆಟ್‌ಗೆ, ಅಂದರೆ ಕೇಸಿನ ದಾಖಲೆ ಪಟ್ಟಿಗೆ ಏರಿದ ದಿನದಿಂದ ಎಣಿಸಬೇಕು. ಆದೇಶ, ಜಡ್ಜ್‌ಮೆಂಟ್ ಎರಡೂ 9ಕ್ಕೇ ಡಾಕೆಟ್‌ಗೆ ಏರಿವೆ ಎಂದು ಇಟ್ಟುಕೊಂಡು ನಾನು ಲೆಕ್ಕ ಹಾಕಿದ್ದೇನೆ. ನೀವು ಒಮ್ಮೆ ಪೇಸರ್‌ನಲ್ಲಿ (ಫೆಡರಲ್ ಕೋರ್ಟಿನ ದಾಖಲೆ ಸಿಗುವ ವೆಬ್‌ಸೈಟ್) ನೋಡಿ ಖಾತ್ರಿ ಮಾಡಿಕೊಳ್ಳಿ. ಒಂದು ಪುಟಕ್ಕೆ 10 ಸೆಂಟ್ ಅಷ್ಟೇ. ಮೂರು ತಿಂಗಳಲ್ಲಿ ಒಟ್ಟು 30 ಡಾಲರ್ ದಾಟದಿದ್ದರೆ ಅದನ್ನೂ ಕೇಳುವುದಿಲ್ಲ.

ಈಗ ನಿಮ್ಮ ಭಾವನವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ‘ವಿತೌಟ್ ಪ್ರೆಜುಡಿಸ್’ ಎಂದರೆ ಅದೇ ದೂರನ್ನು ಮತ್ತೆ ತರಲು ಈ ಆದೇಶ ಅಡ್ಡಿ ಮಾಡುವುದಿಲ್ಲ ಎಂದು. ಅದಕ್ಕಿಂತ ಜಾಸ್ತಿ ಏನನ್ನೂ ಅದು ಕೊಡುವುದಿಲ್ಲ. ಮುಖ್ಯವಾಗಿ, ಟೈಮ್ ಕೊಡುವುದಿಲ್ಲ. ನಿಮ್ಮದು ಟೈಟಲ್ ಸೆವೆನ್ ಕೇಸ್. ಅಂದರೆ ಕೆಲಸದ ಜಾಗದಲ್ಲಿ ತಾರತಮ್ಯ ಮಾಡಬಾರದು ಎನ್ನುವ 1964ರ ಕಾಯ್ದೆಯ ಕೆಳಗೆ ಹಾಕಿದ್ದು. ಅದರಲ್ಲಿ ರೈಟ್ ಟು ಸ್ಯೂ ಪತ್ರ ಸಿಕ್ಕ 90 ದಿನದೊಳಗೆ ಕೋರ್ಟಿಗೆ ಬರಬೇಕು. ಮಾರ್ಚ್ 3ರಿಂದ ಎಣಿಸಿದರೆ 90ನೇ ದಿನ ಜೂನ್ 1. ಮೇ 20ಕ್ಕೆ ಬಂದಾಗ ನೀವು 78ನೇ ದಿನದಲ್ಲಿದ್ದಿರಿ. ಇಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ. ಆದರೆ ಕೇಸ್ ವಿತೌಟ್ ಪ್ರೆಜುಡಿಸ್ ವಜಾ ಆದ ಮೇಲೆ, ಆ ಕೇಸ್ ಹಾಕಿಯೇ ಇರಲಿಲ್ಲ ಎಂಬಂತೆ ಕೋರ್ಟುಗಳು ದಿನ ಎಣಿಸುತ್ತವೆ. ಕೇಸ್ ನಡೆದ ತಿಂಗಳುಗಳನ್ನು ಯಾರೂ ಕಳೆದು ಕೊಡುವುದಿಲ್ಲ. ಇವತ್ತು ಅದೇ ದೂರನ್ನು ಹೊಸ ನಂಬರಿನಲ್ಲಿ ಹಾಕಿದರೆ ಕಂಪನಿಯ ವಕೀಲರು ಒಂದೇ ಮಾತು ಹೇಳುತ್ತಾರೆ: ಜೂನ್ 1 ದಾಟಿದೆ. ಆ ಮಾತು ನಿಲ್ಲುವ ಸಾಧ್ಯತೆಯೇ ಹೆಚ್ಚು.

ಭಾವನವರನ್ನು ದೂರಬೇಡಿ. ನಾನೂ ಮೈಸೂರಿನ ಕೋರ್ಟಿನಲ್ಲಿ ಜೂನಿಯರ್ ಆಗಿ ಕಲಿತವಳು. ಅವರು ಯಾವ ಜಾಗದಿಂದ ಯೋಚಿಸುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ವಾಯಿದೆಗೆ ಹೋಗದೆ ದಾವೆ ವಜಾ ಆದರೆ ಪುನಃಸ್ಥಾಪನೆಗೆ ಅರ್ಜಿ ಹಾಕುತ್ತೇವೆ. ಕಾರಣ ನಿಜವಿದ್ದರೆ, ಖರ್ಚು ಕಟ್ಟಿಸಿಕೊಂಡು ನ್ಯಾಯಾಧೀಶರು ಫೈಲಿಗೆ ಮತ್ತೆ ಜೀವ ಕೊಡುತ್ತಾರೆ. ಕಾಲಮಿತಿ ಕಾಯ್ದೆಯ 14ನೇ ಕಲಂ ಬೇರೆ ಇದೆ. ಅಧಿಕಾರವಿಲ್ಲದ ಕೋರ್ಟಿನಲ್ಲಿ ಒಳ್ಳೆಯ ಮನಸ್ಸಿನಿಂದ ಕಳೆದ ಕಾಲವನ್ನು ಅದು ಬಿಟ್ಟು ಎಣಿಸುತ್ತದೆ. ಆದರೆ ಸಮನ್ಸ್ ಜಾರಿ ಆಗದೆ ವಜಾ ಆದ ದಾವೆಗೆ ನಮ್ಮ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕೂಡ ‘ಕಾಲಮಿತಿಗೆ ಒಳಪಟ್ಟು’ ಹೊಸ ದಾವೆ ಹೂಡಬಹುದು ಎಂದೇ ಹೇಳುತ್ತದೆ. ಆದೇಶ 9ರ 4ನೇ ಮತ್ತು 5ನೇ ನಿಯಮ ಓದಿದರೆ ಕಾಣುತ್ತದೆ. ಕೋರ್ಟಿನ ಅನುಮತಿ ಪಡೆದು ದಾವೆ ಹಿಂದಕ್ಕೆ ತೆಗೆದುಕೊಂಡವರಿಗೂ ಆದೇಶ 23 ಇದನ್ನೇ ಹೇಳುತ್ತದೆ: ಮೊದಲನೆಯದು ಹೂಡಿರಲೇ ಇಲ್ಲ ಎಂಬಂತೆ ಕಾಲ ಎಣಿಸಿ. ಈ ವಿಷಯದಲ್ಲಿ ಎರಡು ದೇಶದ ಕಾನೂನೂ ಒಂದೇ. ಊರಿನ ದಾವೆಗಳಿಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ, 12 ವರ್ಷ ಇರುವುದರಿಂದ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ನಿಮಗೆ ಇದ್ದಿದ್ದು 90 ದಿನ.

ಸಮನ್ಸಿನ ವಿಷಯದಲ್ಲೂ ಊರಿನ ರೂಢಿಯೇ ನಿಮ್ಮನ್ನು ದಾರಿ ತಪ್ಪಿಸಿದೆ ಅನಿಸುತ್ತದೆ. ನಮ್ಮಲ್ಲಿ ಪ್ರೊಸೆಸ್ ಫೀ ಕಟ್ಟಿದರೆ ಕೋರ್ಟಿನ ಅಮೀನರೇ ಸಮನ್ಸ್ ಹಿಡಿದು ಹೋಗುತ್ತಾರೆ. ಇಲ್ಲಿ ಆ ಹೊಣೆ ಪೂರ್ತಿ ಫಿರ್ಯಾದಿಯದ್ದು. ಕ್ಲರ್ಕ್ ಸಹಿ ಮತ್ತು ಮುದ್ರೆ ಇರುವ ಸಮನ್ಸನ್ನು ನೀವೇ ಪಡೆಯಬೇಕು. ಅದನ್ನೂ ದೂರಿನ ಪ್ರತಿಯನ್ನೂ 18 ವರ್ಷ ತುಂಬಿದ, ಈ ಕೇಸಿನಲ್ಲಿ ಪಕ್ಷಗಾರರಲ್ಲದ ಒಬ್ಬರ ಕೈಯಲ್ಲಿ ಕೊಟ್ಟು ಕಳಿಸಬೇಕು. ಕಂಪನಿಯ ಪರವಾಗಿ ಇಂಥ ಕಾಗದ ತೆಗೆದುಕೊಳ್ಳಲೆಂದೇ ‘ರಿಜಿಸ್ಟರ್ಡ್ ಏಜೆಂಟ್’ ಎಂಬುವರು ಇರುತ್ತಾರೆ. ತಲುಪಿಸಿ ಬಂದವರು ಪ್ರಮಾಣ ಮಾಡಿ ಬರೆದುಕೊಟ್ಟಿದ್ದನ್ನು ಕೋರ್ಟಿಗೆ ಸಲ್ಲಿಸಬೇಕು. ಎಚ್‌ಆರ್‌ಗೆ ಇಮೇಲ್ ಮಾಡಿದ್ದು ಜಾರಿ ಎನಿಸಿಕೊಳ್ಳುವುದಿಲ್ಲ. ಇದಕ್ಕೆಲ್ಲ ಇರುವ ಸಮಯ ಕೇಸ್ ಹಾಕಿದ ದಿನದಿಂದ 90 ದಿನ. 2015ರ ತಿದ್ದುಪಡಿಗೆ ಮುಂಚೆ 120 ದಿನ ಇತ್ತು. ಹಳೆಯ ಲೇಖನಗಳಲ್ಲಿ ಈಗಲೂ ಅದೇ ಅಂಕಿ ಸಿಗುತ್ತದೆ, ನಂಬಬೇಡಿ. ನಿಮ್ಮ ಮಟ್ಟಿಗೆ ಆ 90 ದಿನ ಮುಗಿದಿದ್ದು ಆಗಸ್ಟ್ 18ಕ್ಕೆ. ಆ ಹೊತ್ತಿಗೆ ನೀವು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಿರಿ.

ಒಂದು ಮಾತು. ‘ಕೇಸ್ ಸೋತೆ’ ಎಂದು ಬರೆದಿದ್ದೀರಿ. ನೀವು ಸೋತಿಲ್ಲ. ನಿಮಗೆ ತಾರತಮ್ಯ ಆಯಿತೋ ಇಲ್ಲವೋ ಎಂದು ಯಾವ ನ್ಯಾಯಾಧೀಶರೂ ಇನ್ನೂ ನೋಡಿಲ್ಲ. ಫೆಡರಲ್ ಕೋರ್ಟಿನಲ್ಲಿ ಎಷ್ಟೋ ಕೇಸುಗಳು ಸತ್ಯ ಯಾವುದು ಎಂಬ ಪ್ರಶ್ನೆಗೆ ಬರುವ ಮುಂಚೆಯೇ ನಿಂತುಹೋಗುತ್ತವೆ. ನಮ್ಮವರೆಲ್ಲರಿಗೂ ಗೊತ್ತಿರುವ ಉದಾಹರಣೆ ಭೋಪಾಲದ್ದು. 1984ರ ಡಿಸೆಂಬರ್‌ನ ವಿಷಾನಿಲದ ನಂತರ ಯೂನಿಯನ್ ಕಾರ್ಬೈಡ್ ಮೇಲೆ ಅಮೆರಿಕದಲ್ಲಿ ನೂರಾರು ಸಾವಿರ ಜನರ ಪರವಾಗಿ ಕೇಸುಗಳು ಬಿದ್ದವು. ಭಾರತ ಸರ್ಕಾರವೂ ಹಾಕಿತು. 1986ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶ ಜಾನ್ ಕೀನನ್ ಅಷ್ಟನ್ನೂ ವಜಾ ಮಾಡಿದರು. ಕಂಪನಿಯದ್ದು ತಪ್ಪಿಲ್ಲ ಎಂದು ಅವರು ಹೇಳಲಿಲ್ಲ. ಸಾಕ್ಷಿಗಳು, ಕಾರ್ಖಾನೆ, ನೊಂದವರು ಎಲ್ಲ ಭಾರತದಲ್ಲಿರುವಾಗ ವಿಚಾರಣೆಗೆ ಇದು ತಕ್ಕ ಜಾಗವಲ್ಲ ಎಂದರು. ಭಾರತದ ಕೋರ್ಟಿನ ಅಧಿಕಾರಕ್ಕೆ ಕಂಪನಿ ಒಪ್ಪಬೇಕೆಂಬ ಷರತ್ತನ್ನೂ ಇಟ್ಟರು. ಆ ದಿನ ಸತ್ಯದ ಬಗ್ಗೆ ಒಂದು ಅಕ್ಷರವೂ ತೀರ್ಮಾನ ಆಗಲಿಲ್ಲ. ಆದರೂ ಆ ವಜಾದಿಂದ ಎಲ್ಲವೂ ಬದಲಾಯಿತು. ಕೊನೆಗೆ 1989ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯಿತು. ವಜಾ ಎಂದರೆ ತೀರ್ಪಲ್ಲ ಅನ್ನುವುದು ನಿಜ. ಹಾಗಂತ ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ.

ಈಗ ಆದೇಶದ ಕೊನೆಯ ಪುಟ ತೆಗೆದು ನೋಡಿ. ಅಲ್ಲಿ ಫೆಡರಲ್ ಸಿವಿಲ್ ನಿಯಮಾವಳಿಯ ಯಾವ ನಿಯಮದ ಹೆಸರಿದೆ? 4(ಎಂ) ಎಂದಿದ್ದರೆ ಅದು ಸಮನ್ಸ್ ಜಾರಿಯ ನಿಯಮ. ಆ ನಿಯಮವೇ ವಿತೌಟ್ ಪ್ರೆಜುಡಿಸ್ ವಜಾ ಮಾಡಬೇಕು ಎನ್ನುತ್ತದೆ. 41(ಬಿ) ಎಂದಿದ್ದರೆ ಇನ್ನಷ್ಟು ಜೋಪಾನ. ಕೇಸ್ ಮುಂದುವರಿಸದೆ ಬಿಟ್ಟಿದ್ದಕ್ಕೆ, ಕೋರ್ಟಿನ ಮಾತು ಕೇಳದ್ದಕ್ಕೆ ಬರುವ ವಜಾ ಅದು. ಆ ನಿಯಮದಡಿ ಆದೇಶ ಏನೂ ಹೇಳದೆ ಸುಮ್ಮನಿದ್ದರೆ ಅದನ್ನು ಅಂತಿಮ ತೀರ್ಪಿನಂತೆಯೇ ಎಣಿಸುತ್ತಾರೆ. ಮತ್ತೆ ಹಾಕುವಂತಿಲ್ಲ. ಕೋರ್ಟಿಗೆ ಅಧಿಕಾರವಿಲ್ಲ, ತಪ್ಪು ಜಿಲ್ಲೆಗೆ ಬಂದಿದ್ದೀರಿ, ಸೇರಿಸಲೇಬೇಕಾದ ಪಕ್ಷಗಾರರನ್ನು ಸೇರಿಸಿಲ್ಲ ಎಂಬ ಮೂರು ಕಾರಣಗಳಿಗೆ ಮಾತ್ರ ವಿನಾಯಿತಿ. ಈ ನಿಯಮ ಎಷ್ಟು ಗಟ್ಟಿ ಎಂಬುದಕ್ಕೆ 1962ರ ಲಿಂಕ್ ವಿರುದ್ಧ ವಾಬಾಶ್ ರೈಲ್ರೋಡ್ ತೀರ್ಪು ನೋಡಬೇಕು. ಆರು ವರ್ಷದ ಹಳೆಯ ಕೇಸ್ ಅದು. ವಿಚಾರಣೆಗೆ ಮುಂಚಿನ ಸಭೆಗೆ ವಕೀಲರು ಬರಲಿಲ್ಲ. ಕೇಸ್ ಪೂರ್ತಿ ವಜಾ ಆಯಿತು, ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಕೀಲರ ತಪ್ಪಿಗೆ ಕಕ್ಷಿದಾರ ಹೊಣೆ ಎಂದಿತು. ಓದಿದಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಕಾನೂನು ಅದೇ.

ಕಾಗದಕ್ಕೆ ಸಹಿ ಹಾಕಿದ್ದು ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿದ್ದು, ಮೇಲೆ ‘ರೆಕಮೆಂಡೇಶನ್’ ಎಂದಿದ್ದರೆ ಅದು ಇನ್ನೂ ವಜಾ ಅಲ್ಲ, ಬರೀ ಶಿಫಾರಸು. ಅದಕ್ಕೆ ಆಕ್ಷೇಪ ಹಾಕಲು 14 ದಿನ. ಸೆಪ್ಟೆಂಬರ್ 9ರಿಂದ ಎಣಿಸಿದರೆ 23ಕ್ಕೆ ಮುಗಿಯುತ್ತದೆ! ಇದನ್ನು ಓದಿದ ಕೂಡಲೇ ನೋಡಿಕೊಳ್ಳಿ.

ವಜಾ ಆಗಿದ್ದು 4(ಎಂ) ಅಡಿ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ನನ್ನ ಸಲಹೆ ಸ್ಪಷ್ಟ. ಹೊಸ ಕೇಸಿಗೆ ಹೋಗುವ ಮುಂಚೆ ಹಳೆಯ ಕೇಸನ್ನೇ ಬದುಕಿಸಲು ನೋಡಿ. ಅದು ಬದುಕಿದರೆ ಮೇ 20ರ ತಾರೀಕು ನಿಮಗೆ ವಾಪಸ್ ಸಿಗುತ್ತದೆ, 90 ದಿನದ ಪ್ರಶ್ನೆಯೇ ಏಳುವುದಿಲ್ಲ. ಹೊಸ ನಂಬರಿಗೆ ಆ ಬಲ ಇಲ್ಲ.

ಅರ್ಜಿಯನ್ನು ನಿಯಮ 59(ಇ) ಮತ್ತು ನಿಯಮ 60(ಬಿ) ಎರಡರ ಹೆಸರಿನಲ್ಲೂ ಹಾಕಿ. 59(ಇ) ಎಂದರೆ ಆ 28 ದಿನದ ಅರ್ಜಿ. ಅದನ್ನು ಒಂದು ದಿನವೂ ವಿಸ್ತರಿಸಲು ನ್ಯಾಯಾಧೀಶರಿಗೇ ಅಧಿಕಾರ ಇಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಹಾಕಿದರೆ ದೊಡ್ಡ ಉಪಕಾರ ಒಂದಿದೆ. ಅದು ತೀರ್ಮಾನ ಆಗುವವರೆಗೆ ಮೇಲ್ಮನವಿಯ 30 ದಿನ ಓಡುವುದಿಲ್ಲ, ಆಮೇಲೆ ಹೊಸದಾಗಿ ಶುರುವಾಗುತ್ತದೆ. 60(ಬಿ) ಅಡಿ ಮರೆವು, ಅನಿರೀಕ್ಷಿತ ತೊಂದರೆ, ಕ್ಷಮಿಸಬಹುದಾದ ಅಲಕ್ಷ್ಯ ಇಂಥ ಕಾರಣಗಳಿಗೆ ಆದೇಶ ತೆಗೆದುಹಾಕಬಹುದು. ವಿತೌಟ್ ಪ್ರೆಜುಡಿಸ್ ವಜಾ ‘ಅಂತಿಮ’ ಅಲ್ಲವಲ್ಲ, ಅದಕ್ಕೆ 60(ಬಿ) ಹೇಗೆ ಅನ್ವಯಿಸುತ್ತದೆ ಎಂದು ಕಂಪನಿಯವರು ಕೇಳಿದರೆ, 2025ರ ಫೆಬ್ರವರಿಯ ವೇಟ್ಜಿಗ್ ವಿರುದ್ಧ ಹ್ಯಾಲಿಬರ್ಟನ್ ತೀರ್ಪು ಹೇಳಿ. ವಯಸ್ಸಿನ ತಾರತಮ್ಯದ ಕೇಸನ್ನು ತಾನೇ ವಿತೌಟ್ ಪ್ರೆಜುಡಿಸ್ ಹಿಂತೆಗೆದುಕೊಂಡು ಮಧ್ಯಸ್ಥಿಕೆಗೆ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡುವ ಆರ್ಬಿಟ್ರೇಶನ್) ಹೋಗಿ, ಅಲ್ಲಿ ಸೋತು, ಹಳೆಯ ಕೇಸ್ ತೆರೆಯಿರಿ ಎಂದು ಕೇಳಿದ ನೌಕರನ ಪ್ರಕರಣ ಅದು. ಅಂಥ ವಜಾಕ್ಕೂ 60(ಬಿ) ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಗಮನಿಸಿ, ಅನ್ವಯಿಸುತ್ತದೆ ಎಂದಷ್ಟೇ. ಕೇಸ್ ತೆರೆಯಲೇಬೇಕು ಎಂದಲ್ಲ.

ಅರ್ಜಿಯಲ್ಲಿ ಏನು ಬರೆಯಬೇಕು? ‘ನಿಯಮ ಗೊತ್ತಿರಲಿಲ್ಲ’ ಎನ್ನುವುದೊಂದೇ ಸಾಲದು. ವಕೀಲರಿಲ್ಲದೆ ಬಂದವರ ದೂರನ್ನು ಕೋರ್ಟು ಉದಾರವಾಗಿ ಓದುತ್ತದೆ ನಿಜ. ಆದರೆ ಸಮನ್ಸಿನ ನಿಯಮ ಅವರಿಗೂ ಅನ್ವಯಿಸುತ್ತದೆ. ನಿಮ್ಮ ಬಲ ಬೇರೆ ಎರಡು ಕಡೆ ಇದೆ.

ಒಂದು, ಕಾಲಮಿತಿ. ಇದನ್ನು ನೀವಾಗಿ ಹೇಳದಿದ್ದರೆ ನ್ಯಾಯಾಧೀಶರ ಗಮನಕ್ಕೆ ಬರದೇ ಹೋಗಬಹುದು. ಅವರೂ ‘ವಿತೌಟ್ ಪ್ರೆಜುಡಿಸ್ ತಾನೇ, ಮತ್ತೆ ಹಾಕಿಕೊಳ್ಳುತ್ತಾರೆ’ ಎಂದುಕೊಂಡಿರಬಹುದು. ಸಾಕಷ್ಟು ಕಾರಣ ಇಲ್ಲದಿದ್ದರೂ 4(ಎಂ) ಅಡಿ ಸಮಯ ವಿಸ್ತರಿಸುವ ವಿವೇಚನೆ ಅವರಿಗಿದೆ. ಮತ್ತೆ ಕೇಸ್ ಹಾಕಲು ಕಾಲಮಿತಿ ಅಡ್ಡ ಬರುವುದಾದರೆ ಅದು ವಿಸ್ತರಣೆಗೆ ಒಂದು ಸರಿಯಾದ ಕಾರಣ ಎಂದು ನಿಯಮ ರೂಪಿಸಿದ ಸಮಿತಿಯೇ 1993ರ ಟಿಪ್ಪಣಿಯಲ್ಲಿ ಬರೆದಿದೆ. ನೀವಿರುವ ಟೆಕ್ಸಾಸ್ ಐದನೇ ಸರ್ಕ್ಯೂಟ್‌ಗೆ, ಅಂದರೆ ಆ ಹೆಸರಿನ ಫೆಡರಲ್ ಮೇಲ್ಮನವಿ ಕೋರ್ಟಿನ ವ್ಯಾಪ್ತಿಗೆ ಸೇರುತ್ತದೆ. ಆ ಮೇಲ್ಮನವಿ ಕೋರ್ಟು 2008ರ ಮಿಲನ್ ವಿರುದ್ಧ ಯುಎಸ್‌ಎಎ ತೀರ್ಪಿನಲ್ಲಿ ಇದೇ ಪ್ರಶ್ನೆ ನೋಡಿತು. ಸಮನ್ಸ್ ತಡವಾಗಿದ್ದಕ್ಕೆ ವಜಾ, ಅಷ್ಟರಲ್ಲಿ ಕಾಲಮಿತಿ ಮುಗಿದಿದೆ. ಇಂಥ ಕಡೆ ವಿತೌಟ್ ಪ್ರೆಜುಡಿಸ್ ವಜಾವನ್ನೂ ‘ವಿತ್ ಪ್ರೆಜುಡಿಸ್’, ಅಂದರೆ ಮತ್ತೆ ಹಾಕುವಂತಿಲ್ಲದ ವಜಾದಂತೆಯೇ ಅಳೆಯಬೇಕು ಎಂದಿತು. ಅಂದರೆ ಫಿರ್ಯಾದಿ ಬೇಕೆಂದೇ ಎಳೆದಾಡಿದ್ದಾರೆ ಅಥವಾ ಕೋರ್ಟನ್ನು ಧಿಕ್ಕರಿಸಿದ್ದಾರೆ ಎನ್ನುವುದು ಸ್ಪಷ್ಟವಾಗಿ ಕಾಣಬೇಕು, ಅದಕ್ಕಿಂತ ಚಿಕ್ಕ ಶಿಕ್ಷೆ ಸಾಲದು ಎನ್ನುವಂತಿರಬೇಕು. ನಿಮ್ಮ ಅರ್ಜಿಗೆ ಈ ತೀರ್ಪೇ ಬೆನ್ನೆಲುಬು. ಬೇರೆ ರಾಜ್ಯದಲ್ಲಿರುವವರು ಇದನ್ನು ಹಾಗೇ ಎತ್ತಿಕೊಳ್ಳಬೇಡಿ. ಒಂದೊಂದು ಸರ್ಕ್ಯೂಟ್‌ನ ಅಳತೆ ಒಂದೊಂದು ಥರ ಇರುತ್ತದೆ.

ಎರಡು, ಅಪ್ಪನ ಆಪರೇಷನ್. 1993ರ ಪಯೋನಿಯರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಲಕ್ಷ್ಯ ಕ್ಷಮಿಸುವಂಥದ್ದೇ ಎಂದು ನೋಡಲು ನಾಲ್ಕು ಮಾತು ಕೇಳಿತು. ಎದುರಿನವರಿಗೆ ನಷ್ಟ ಆಯಿತಾ? ಎಷ್ಟು ತಡ ಆಯಿತು? ತಡ ಯಾಕಾಯಿತು, ಅದು ಇವರ ಕೈಯಲ್ಲಿತ್ತಾ? ಇವರ ಮನಸ್ಸು ಶುದ್ಧವಾಗಿದೆಯಾ? ನಿಮ್ಮ ತಡ ಕೆಲವು ವಾರಗಳದ್ದು. ಕಂಪನಿಗೆ ಇಮೇಲ್ ಹೋಗಿದೆ, ಕೇಸಿನ ಸುದ್ದಿ ಅವರಿಗೆ ಮೊದಲಿಂದ ಗೊತ್ತು. ಅದು ಜಾರಿ ಅಲ್ಲದಿದ್ದರೂ, ಅವರಿಗೆ ನಷ್ಟವಾಗಿಲ್ಲ ಎಂದು ತೋರಿಸಲು ಆ ಇಮೇಲ್ ಒಳ್ಳೆಯ ದಾಖಲೆ. ವಿಮಾನದ ಟಿಕೆಟ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಪಾಸ್‌ಪೋರ್ಟಿನ ಮುದ್ರೆ ಎಲ್ಲದರ ಪ್ರತಿ ಲಗತ್ತಿಸಿ. ನಡೆದಿದ್ದನ್ನು ತಾರೀಕಿನ ಪ್ರಕಾರ ಒಂದೂವರೆ ಪುಟದಲ್ಲಿ ಬರೆದು, ‘ಸುಳ್ಳಾದರೆ ಪರ್ಜರಿ (ಸುಳ್ಳು ಪ್ರಮಾಣ) ಶಿಕ್ಷೆಗೆ ಒಳಗಾಗುತ್ತೇನೆ’ ಎಂಬ ಸಾಲಿನ ಕೆಳಗೆ ಸಹಿ, ತಾರೀಕು ಹಾಕಿ. ನೋಟರಿ ಬೇಕಿಲ್ಲ.

ಇಲ್ಲೊಂದು ಕಷ್ಟದ ಪ್ರಶ್ನೆ ಬರುತ್ತದೆ. ಮೇ 20ರಿಂದ ಜುಲೈ ತನಕ ಏನು ಮಾಡುತ್ತಿದ್ದಿರಿ? ನೀವು ಆ ವಾರಗಳನ್ನು ಹಾರಿಸಿ ಬರೆದರೂ ಕಂಪನಿಯವರು ಬಿಡುವುದಿಲ್ಲ. ಇಮೇಲ್ ಸಾಕು ಎಂದು ನಂಬಿದ್ದೆ ಎಂದು ನೇರವಾಗಿ ಹೇಳಿ. ಅಪ್ಪನ ಕಾಯಿಲೆಯನ್ನು ಹಿಂದಕ್ಕೆ ಎಳೆದು ಮೇ ತಿಂಗಳಿಗೆ ಅಂಟಿಸಬೇಡಿ. ಇಂಥ ಅರ್ಜಿಯಲ್ಲಿ ಒಂದು ತಾರೀಕು ಸುಳ್ಳಾದರೆ ಉಳಿದ ನಿಜಗಳನ್ನೂ ಯಾರೂ ನಂಬುವುದಿಲ್ಲ. ನಾನು ಹತ್ತಿರದಿಂದ ಕಂಡಿದ್ದೇನೆ.

ಜೊತೆಗೆ ತಯಾರಿ ತೋರಿಸಿ. ಟೆಕ್ಸಾಸ್ ಸೆಕ್ರೆಟರಿ ಆಫ್ ಸ್ಟೇಟ್ ದಾಖಲೆಯಲ್ಲಿ ಕಂಪನಿಯ ರಿಜಿಸ್ಟರ್ಡ್ ಏಜೆಂಟ್ ಯಾರೆಂದು ಹುಡುಕಿ. ಸಮನ್ಸ್ ತಲುಪಿಸುವವರನ್ನು ಗೊತ್ತು ಮಾಡಿಕೊಳ್ಳಿ. ‘ಕೇಸ್ ತೆರೆದರೆ ಹೊಸ ಸಮನ್ಸ್ ಕೊಡಿ, 14 ದಿನದಲ್ಲಿ ಜಾರಿ ಮಾಡುತ್ತೇನೆ’ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ. ಕೈ ಕಟ್ಟಿ ಕೇಳುವವರಿಗಿಂತ ಕೆಲಸ ಮುಗಿಸಲು ಎದ್ದು ನಿಂತವರ ಮಾತಿಗೆ ತೂಕ ಜಾಸ್ತಿ.

ಅರ್ಜಿಯನ್ನು ಅಂಚೆಗೆ ಹಾಕಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಕ್ಲರ್ಕ್ ಕಚೇರಿಗೆ ತಲುಪಿದ ದಿನವೇ ಲೆಕ್ಕ. ಸಾಧ್ಯವಾದರೆ ಸ್ವತಃ ಹೋಗಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಡೆಡ್‌ಲೈನ್ ವಿಷಯದಲ್ಲಿ ನಾನು ಇಷ್ಟು ಹೇಳುವುದಕ್ಕೆ ಕಾರಣ ಇದೆ. 2007ರ ಬೌಲ್ಸ್ ವಿರುದ್ಧ ರಸೆಲ್ ಪ್ರಕರಣದಲ್ಲಿ ಮೇಲ್ಮನವಿಗೆ ಇದ್ದ ಹೆಚ್ಚುವರಿ ಸಮಯ 14 ದಿನ. ಜಿಲ್ಲಾ ನ್ಯಾಯಾಧೀಶರು ತಪ್ಪಿ 17 ದಿನ ಎಂದು ಆದೇಶದಲ್ಲೇ ಬರೆದರು. ಆತ ಅದನ್ನು ನಂಬಿ, ಆ 17 ದಿನದೊಳಗೇ ನೋಟಿಸ್ ಕೊಟ್ಟ. ಆದರೂ ಮೇಲ್ಮನವಿ ಕೈತಪ್ಪಿತು. ಸುಪ್ರೀಂ ಕೋರ್ಟ್ 5-4ರಲ್ಲಿ ಹಾಗೆ ತೀರ್ಮಾನಿಸಿತು. ನ್ಯಾಯಾಧೀಶರ ತಪ್ಪೇ ಕಾಪಾಡಲಿಲ್ಲ ಎಂದ ಮೇಲೆ ಕ್ಲರ್ಕ್ ಕಚೇರಿಯ ಫೋನಿನಲ್ಲಿ ಯಾರೋ ಹೇಳಿದ ತಾರೀಕು ಕಾಪಾಡುತ್ತದಾ?

ನ್ಯಾಯಾಧೀಶರು ಒಪ್ಪದಿದ್ದರೆ? ಆಗ ನ್ಯೂ ಆರ್ಲಿಯನ್ಸ್‌ನಲ್ಲಿರುವ ಐದನೇ ಸರ್ಕ್ಯೂಟ್‌ಗೆ ಮೇಲ್ಮನವಿ. ಫೀ 605 ಡಾಲರ್. ಮಿಲನ್ ತೀರ್ಪಿನ ಆಧಾರ ಅಲ್ಲೂ ಇದೆ.

ಇನ್ನೊಂದು ದಾರಿಯೂ ಇದೆ. ವಕೀಲರಿಲ್ಲದೆ ಕೇಸ್ ಹಾಕುವವರಿಗೆ ಇದು ಕಣ್ಣಿಗೆ ಬೀಳುವುದೇ ಅಪರೂಪ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೈಟಲ್ ಸೆವೆನ್ ಅಲ್ಲದೆ ಸೆಕ್ಷನ್ 1981 ಎಂಬ ಕಾಯ್ದೆ ಇದೆ. ಅಂತರ್ಯುದ್ಧ ಮುಗಿದ ಬೆನ್ನಿಗೆ 1866ರಲ್ಲಿ ಹುಟ್ಟಿದ್ದು. ಕರಾರಿನ ವಿಷಯದಲ್ಲಿ, ಅಂದರೆ ಕೆಲಸದ ಕರಾರಿನಲ್ಲೂ, ಜನಾಂಗದ ಆಧಾರದ ಮೇಲೆ ಭೇದ ಮಾಡಬಾರದು ಎನ್ನುತ್ತದೆ. ಅದಕ್ಕೆ ಇಇಒಸಿಗೆ ಹೋಗಬೇಕಿಲ್ಲ. 90 ದಿನದ ಗಡುವೂ ಇಲ್ಲ. 2004ರ ಜೋನ್ಸ್ ವಿರುದ್ಧ ಡಾನಲಿ ತೀರ್ಪಿನ ಪ್ರಕಾರ ಕೆಲಸದಿಂದ ತೆಗೆದಂಥ ದೂರುಗಳಿಗೆ ಕಾಲಮಿತಿ 4 ವರ್ಷ. ಆದರೆ ಬರೀ ‘ಭಾರತ ದೇಶದವಳು’ ಎನ್ನುವ ದೂರು ಇದರೊಳಗೆ ಬರುವುದಿಲ್ಲ. ವಂಶ, ಜನಾಂಗ, ಮೈಬಣ್ಣಕ್ಕೆ ಅದು ಸೇರಿರಬೇಕು. ಇರಾಕ್ ಮೂಲದ ಒಬ್ಬ ಪ್ರಾಧ್ಯಾಪಕರ ಪ್ರಕರಣದಲ್ಲಿ, ವಂಶ ಅಥವಾ ಜನಾಂಗೀಯ ಲಕ್ಷಣದ ಕಾರಣಕ್ಕೆ ಮಾಡಿದ ಭೇದ ಈ ಕಾಯ್ದೆಯಲ್ಲಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತ್ತು. ನಿಮ್ಮ ಮ್ಯಾನೇಜರ್ ಆಡಿದ ಮಾತು, ಬರೆದ ಇಮೇಲ್ ನೆನಪು ಮಾಡಿಕೊಳ್ಳಿ. ಪಾಸ್‌ಪೋರ್ಟಿನ ಬಗ್ಗೆ ಇತ್ತಾ, ನಿಮ್ಮ ಜನದ ಬಗ್ಗೆ ಇತ್ತಾ? ಎರಡನೆಯದಾಗಿದ್ದರೆ ಈ ದಾರಿ ನಿಮಗೆ ತೆರೆದಿರಬಹುದು. ಒಂದು ಎಚ್ಚರಿಕೆ. 2020ರ ಕಾಮ್‌ಕಾಸ್ಟ್ ತೀರ್ಪಿನ ನಂತರ ಇಲ್ಲಿ ಸಾಬೀತಿನ ಮಟ್ಟ ಎತ್ತರ. ಆ ಭೇದ ಇಲ್ಲದಿದ್ದರೆ ಕೆಲಸ ಉಳಿಯುತ್ತಿತ್ತು ಎಂದೇ ತೋರಿಸಬೇಕು.

ಹಳೆಯ ಕೇಸ್ ತೆರೆದರೆ ಕಂಪನಿಯ ಮುಂದಿನ ಹೆಜ್ಜೆ ಏನೆಂದು ಈಗಲೇ ಹೇಳಿಬಿಡುತ್ತೇನೆ. ನಿಯಮ 12(ಬಿ)(6): ದೂರಿನಲ್ಲಿ ಹೇಳಿದ್ದೆಲ್ಲ ನಿಜ ಎಂದುಕೊಂಡರೂ ಕೇಸ್ ನಿಲ್ಲುವುದಿಲ್ಲ ಎನ್ನುವ ವಾದ. 2007ರ ಟ್ವಾಂಬ್ಲಿ, 2009ರ ಇಕ್ಬಾಲ್ ತೀರ್ಪುಗಳ ನಂತರ ಈ ವಾದಕ್ಕೆ ಬಲ ಬಂದಿದೆ. ‘ತಾರತಮ್ಯ ಮಾಡಿದರು’ ಎಂದು ಬರೆದರೆ ಸಾಕಾಗುವುದಿಲ್ಲ, ನಂಬುವಂತೆ ಮಾಡುವ ಸಂಗತಿ ಬೇಕು. ಆದರೆ ಹೆದರಬೇಡಿ. ನಿಮ್ಮಂಥವರಿಗೆ 2002ರ ಸ್ವಿರ್ಕೀವಿಚ್ ತೀರ್ಪು ಇನ್ನೂ ಆಸರೆ. ಹಂಗೇರಿ ಮೂಲದ 53 ವರ್ಷದ ಉದ್ಯೋಗಿ ಆತ. ಫ್ರೆಂಚರ ಒಡೆತನದ ಕಂಪನಿ ಅವರನ್ನು ಕೆಳಗಿಳಿಸಿ, ಚಿಕ್ಕ ವಯಸ್ಸಿನ ಫ್ರೆಂಚ್ ವ್ಯಕ್ತಿಯನ್ನು ಆ ಜಾಗಕ್ಕೆ ತಂದಿತು. ದೂರಿನ ಹಂತದಲ್ಲೇ ಎಲ್ಲ ಸಾಕ್ಷಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಏನಾಯಿತು, ಯಾವಾಗ, ಯಾರು ಮಾಡಿದ್ದು, ನಿಮ್ಮ ಜಾಗಕ್ಕೆ ಯಾರು ಬಂದರು, ಅವರ ಅನುಭವ ಎಷ್ಟು ಎಂದು ಬರೆದರೆ ದೂರು ನಿಲ್ಲುತ್ತದೆ. ಎರಡು ಸಲ ಬಡ್ತಿ ತಪ್ಪಿತು ಅಂದಿರಲ್ಲ, ಆ ಎರಡು ಸಲ ಬಡ್ತಿ ಸಿಕ್ಕಿದ್ದು ಯಾರಿಗೆ? ನಿಮ್ಮ ಕೇಸಿನ ಜೀವ ಇರುವುದು ಅಲ್ಲಿ. ಕಂಪನಿ ಇಂಥ ಅರ್ಜಿ ಕೊಟ್ಟ 21 ದಿನದೊಳಗೆ ಯಾರ ಅನುಮತಿಯೂ ಇಲ್ಲದೆ ಒಮ್ಮೆ ದೂರನ್ನು ತಿದ್ದಬಹುದು. ಸೆಕ್ಷನ್ 1981 ಸೇರಿಸಲು ಅದೂ ಒಂದು ಸಂದರ್ಭ.

ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆಯಾ ನೋಡಿಕೊಳ್ಳಿ. ಇದ್ದು, ಕಂಪನಿ ಅದನ್ನು ಎತ್ತಿದರೆ, ‘ಕೇಸ್ ವಜಾ ಮಾಡಬೇಡಿ, ತಡೆಹಿಡಿಯಿರಿ’ ಎಂದು ನೀವೂ ಕೇಳಬಹುದು. ಹಾಗೆ ಕೇಳಿದಾಗ ತಡೆಹಿಡಿಯಲೇಬೇಕು ಎಂದು 2024ರ ಸ್ಮಿತ್ ವಿರುದ್ಧ ಸ್ಪಿಝಿರ್ರಿ ತೀರ್ಪು ಹೇಳಿದೆ. ಕೇಳಲು ಮರೆಯಬೇಡಿ.

ವೀಸಾದ ಬಗ್ಗೆ ನಿಶ್ಚಿಂತೆಯಿಂದಿರಿ. ಇದು ಸಿವಿಲ್ ಕೇಸ್, ಹಾಕಿದ್ದು ನೀವು. ವಜಾ ಆಗಿದ್ದು ಅಪರಾಧವೂ ಅಲ್ಲ, ನಿಮ್ಮ ಮೇಲಿನ ಕಪ್ಪು ಚುಕ್ಕೆಯೂ ಅಲ್ಲ. ಕೆಲಸ ಹೋದ ಮೇಲೆ ನಿಮ್ಮ ವಲಸೆ ಸ್ಥಿತಿ ಏನಾಗಿದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ವಲಸೆ ವಕೀಲರ ಹತ್ತಿರ ಕೇಳಿ.

ನಾನು ನಿಮ್ಮ ಫೈಲ್ ನೋಡಿಲ್ಲ. ಪತ್ರದಲ್ಲಿ ಇದ್ದಷ್ಟಕ್ಕೆ ಉತ್ತರ ಬರೆದಿದ್ದೇನೆ. ಈ ವಾರವೇ ಟೆಕ್ಸಾಸ್‌ನ ಒಬ್ಬ ಉದ್ಯೋಗ ವಕೀಲರಿಗೆ ಎರಡೂ ಕಾಗದ ತೋರಿಸಿ. ಪೂರ್ತಿ ಕೇಸ್ ಕೊಡಲು ಆಗದಿದ್ದರೂ ಈ ಒಂದು ಅರ್ಜಿಗೆ ಮಾತ್ರ ಸಹಾಯ ಕೇಳಬಹುದು. ತಾರತಮ್ಯದ ಕೇಸುಗಳನ್ನು ಗೆದ್ದರೆ ಫೀಸ್ ಎಂಬ ಒಪ್ಪಂದದ ಮೇಲೆ ನಡೆಸುವವರೂ ಇದ್ದಾರೆ. ಯಾರೂ ಸಿಗದಿದ್ದರೂ ಅಕ್ಟೋಬರ್ 7ರ ತನಕ ಕಾಯಬೇಡಿ, 3ನೇ ತಾರೀಕಿನೊಳಗೆ ನೀವೇ ಕೊಟ್ಟುಬಿಡಿ. ಮೇಲೆ ಹಳೆಯ ಕೇಸ್ ನಂಬರನ್ನೇ ಬರೆಯಿರಿ. ಕೌಂಟರಿನಲ್ಲಿ ಹೊಸ ಕೇಸಾ ಎಂದು ಕೇಳಿದರೆ ಅಲ್ಲ ಎನ್ನಿ, ಮತ್ತೆ 405 ಡಾಲರ್ ಕಟ್ಟಬೇಕಾಗಿಲ್ಲ.